ನೆಲವೂ ಡೊಂಕಿರಬಹುದು ಸ್ವಾಮಿ!

ಕಳೆದ ವಾರ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ನನ್ನ ಪಕ್ಕದಲ್ಲಿ ತಲೆ ಕೆಡಿಸಿಕೊಂಡು ಕೂತಿದ್ದ. ಅವನ ಪ್ರೋಗ್ರಾಮು ಡೀಬಗ್ ಬಿಲ್ಡ್‌ನಲ್ಲಿ ಸರಿಯಾಗಿ ಓಡುತ್ತೆ, ರಿಲೀಸ್ ಬಿಲ್ಡ್‌ನಲ್ಲಿ ತಪ್ಪು ಉತ್ತರ ಕೊಡುತ್ತೆ. ಆ ಕಡೆಯಿಂದ ಬಂದ ಸೀನಿಯರ್ ಒಬ್ಬರು ನಿಂತಲ್ಲೇ ಪರಿಹಾರ ಹೇಳಿದರು. "ಆಪ್ಟಿಮೈಸೇಷನ್ ಆಫ್ ಮಾಡಿಬಿಡು ಮಾರಾಯ, ಸರಿಹೋಗುತ್ತೆ." ಆಫ್ ಮಾಡಿದ. ಸರಿಹೋಯ್ತು. ಟಿಕೆಟ್ ಕ್ಲೋಸ್. ಇಬ್ಬರೂ ಕಾಫಿಗೆ ಹೋದರು.

ನನಗೆ ಮಾತ್ರ ಮೈಯೆಲ್ಲ ಉರಿದುಹೋಯ್ತು. ಅಲ್ಲೇ ಜಗಳ ಮಾಡಬೇಕಿತ್ತು, ಮಾಡಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ. ಈ ಬ್ಲಾಗಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಸಾಫ್ಟ್‌ವೇರಿನವರೇ ಅಂತ ಗೊತ್ತು. ಉಳಿದರ್ಧ ಜನ ದಯವಿಟ್ಟು ಓಡಿಹೋಗಬೇಡಿ, ನಿಮಗೂ ಅರ್ಥ ಆಗೋ ಹಾಗೇ ಹೇಳ್ತೀನಿ :-)

ಕಂಪೈಲರ್ ಅಂದರೆ ಅನುವಾದಕ, ಅಷ್ಟೇ. ನಾವು ಮನುಷ್ಯರು ಓದಬಹುದಾದ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವ ಭಾಷೆಗೆ ಅನುವಾದ ಮಾಡುತ್ತೆ. ಆಪ್ಟಿಮೈಸೇಷನ್ ಅಂದರೆ ಅನುವಾದ ಮಾಡುವಾಗ ಸ್ವಲ್ಪ ಜಾಣತನ ತೋರಿಸೋದು. ನೀವು ಒಂದೇ ಮಾತನ್ನು ಎರಡು ಸಲ ಬರೆದಿದ್ದರೆ ಒಂದು ಸಲ ಮಾತ್ರ ಇಡುತ್ತೆ. ಯಾರೂ ಓದದ ಸಾಲನ್ನು ಕಿತ್ತುಹಾಕುತ್ತೆ. ವಾಕ್ಯಗಳ ಕ್ರಮ ಬದಲಿಸುತ್ತೆ. ಷರತ್ತು ಒಂದೇ: ಅರ್ಥ ಕೆಡಬಾರದು. -ಓ0 ಅಂದರೆ ಪದಕ್ಕೆ ಪದ ಅನುವಾದ, -ಓ2 ಅಂದರೆ ಜಾಣ ಅನುವಾದ ಅಂತ ಇಟ್ಕೊಳ್ಳಿ. ಈ ಜಾಣ ಅನುವಾದದಲ್ಲಿ ಅರ್ಥ ಕೆಟ್ಟರೆ ತಪ್ಪು ಯಾರದು? ಮೂಲದಲ್ಲೇ ಎರಡರ್ಥ ಬರುವ ಹಾಗೆ ಬರೆದವನದೋ, ಅನುವಾದಕನದೋ? ಈ ಪ್ರಶ್ನೆಗೆ ಉತ್ತರ ಹುಡುಕದೇ ಅನುವಾದಕನನ್ನು ಪೆದ್ದನನ್ನಾಗಿ ಮಾಡಿ ಕೂರಿಸೋದೇ "ಆಫ್ ಮಾಡಿಬಿಡು" ಅನ್ನೋ ಮಂತ್ರ.

ಮೊದಲು ನನ್ನ ಮಾನ ನಾನೇ ಕಳ್ಕೋತೀನಿ. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಎರಡು ಸಂಖ್ಯೆ ಕೂಡಿದಾಗ ಇಂಟೀಜರ್ ತುಂಬಿ ಹರಿದರೆ ಗೊತ್ತಾಗಲಿ ಅಂತ ಒಂದು ಪರೀಕ್ಷೆ ಬರೆದಿದ್ದೆ. ಎ ಮತ್ತು ಬಿ ಎರಡೂ ಧನ ಸಂಖ್ಯೆ, ಕೂಡಿದ ಮೇಲೆ ಬಂದದ್ದು ಎ ಗಿಂತ ಕಡಿಮೆಯಾದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ, ಅಲ್ವಾ? -ಓ0ನಲ್ಲಿ ಚೆನ್ನಾಗಿ ಹಿಡೀತಿತ್ತು. -ಓ2ನಲ್ಲಿ ಆ ಪರೀಕ್ಷೆಯೇ ಮಾಯ! ಅಸೆಂಬ್ಲಿ ತೆಗೆದು ನೋಡಿದರೆ ಕುರುಹೂ ಇಲ್ಲ. ನಾನು ಹಿಗ್ಗಿ ಹೀರೇಕಾಯಿಯಾಗಿ "ಕಂಪೈಲರ್ ಬಗ್ ಸಿಕ್ಕಿದೆ" ಅಂತ ಇಡೀ ಟೀಮಿಗೆ ಮೇಲ್ ಹಾಕಿದೆ. ಹತ್ತು ನಿಮಿಷದಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಉತ್ತರ ಬರೆದರು: ಸಿ ಭಾಷೆಯ ನಿಯಮದ ಪ್ರಕಾರ ಸೈನ್ಡ್ ಇಂಟೀಜರ್ ತುಂಬಿ ಹರಿಯುವುದು ಅನ್‌ಡಿಫೈನ್ಡ್ ಬಿಹೇವಿಯರ್. ಹಾಗೆ ಆಗುವುದೇ ಇಲ್ಲ ಅಂತ ನಂಬಿಕೊಳ್ಳುವ ಹಕ್ಕು ಕಂಪೈಲರಿಗಿದೆ. ಆಗುವುದೇ ಇಲ್ಲ ಅಂದಮೇಲೆ ಪರೀಕ್ಷೆ ಯಾಕೆ? ಕಿತ್ತುಹಾಕಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ... ಆ ವಾರವಿಡೀ ನನಗೆ ಅದೇ ಹೆಸರು.

ಆಮೇಲೆ ಹುಡುಕಿ ನೋಡಿದಾಗ ನಾನೊಬ್ಬನೇ ಅಲ್ಲ ಅಂತ ಸಮಾಧಾನ ಆಯ್ತು. 2007ರ ಜನವರಿಯಲ್ಲಿ ಜಿಸಿಸಿ ಕಂಪೈಲರಿನ ಬಗ್ ಪಟ್ಟಿಗೆ 30475ನೇ ನಂಬರಿನ ದೂರು ಬಿದ್ದಿತ್ತು. ಒಂದು ಸಂಖ್ಯೆಗೆ 100 ಕೂಡಿದರೆ ಅದು ಮೊದಲಿಗಿಂತ ದೊಡ್ಡದಿರಬೇಕು ಅನ್ನೋ ಕಾವಲು ಸಾಲನ್ನು ಕಂಪೈಲರ್ ಕಿತ್ತುಹಾಕಿದೆ, ಇದರಿಂದ ಭದ್ರತೆಗೆ ಅಪಾಯ ಅಂತ ದೂರು. ದೊಡ್ಡ ಜಗಳವೇ ನಡೆದು, ಕೊನೆಗೆ "ಇದು ಬಗ್ ಅಲ್ಲ" ಅಂತ ಮುಚ್ಚಿದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ.

ನಿಯಮ ಸರಿ, ಆದರೆ ಪರಿಣಾಮ? 2009ರಲ್ಲಿ ಲಿನಕ್ಸ್ ಕರ್ನಲ್‌ನ ಟುನ್ ಅನ್ನೋ ನೆಟ್‌ವರ್ಕ್ ಡ್ರೈವರಿನಲ್ಲಿ ಆದದ್ದು ನೋಡಿ. ಅಲ್ಲಿ ಒಂದು ಪಾಯಿಂಟರನ್ನು ಮೊದಲು ಬಳಸಿ, ಮುಂದಿನ ಸಾಲುಗಳಲ್ಲಿ "ಇದು ನಲ್ ಇದೆಯಾ" ಅಂತ ಕೇಳಿದ್ದರು. ಮನೆಯೊಳಗೆ ಹೋಗಿ ಕೂತಮೇಲೆ ಬಾಗಿಲು ತಟ್ಟಿದ ಹಾಗೆ. ಕಂಪೈಲರ್ ಯೋಚಿಸಿತು: ಈಗಾಗಲೇ ಬಳಸಿಯಾಗಿದೆ ಅಂದರೆ ನಲ್ ಇರಲಾರದು, ಹಾಗಾಗಿ ಆ ಪ್ರಶ್ನೆ ದಂಡ. ತೆಗೆದುಹಾಕಿತು. ದಾಳಿಕೋರರಿಗೆ ಅಷ್ಟೇ ಸಾಕಾಯ್ತು. ಸೊನ್ನೆ ವಿಳಾಸದ ಜಾಗದಲ್ಲಿ ತಮ್ಮ ಸರಕು ಇಟ್ಟು ಕರ್ನಲ್ಲನ್ನೇ ವಶಪಡಿಸಿಕೊಳ್ಳಬಹುದು ಅಂತ ಮಾಡಿ ತೋರಿಸಿದರು. ತಪ್ಪು ಬರೆದವನದು ನಿಜ. ಆದರೆ ಆ ತಪ್ಪಿಗೆ ಅಡ್ಡವಾಗಿ ನಿಂತಿದ್ದ ಗೋಡೆಯನ್ನು ಕೆಡವಿದ್ದು ಕಂಪೈಲರಿನ ಜಾಣತನ. ಇದಾದ ಮೇಲೆ ಕರ್ನಲ್ಲಿನವರು ನಲ್ ಪರೀಕ್ಷೆಗಳನ್ನು ಅಳಿಸಬೇಡ ಅಂತ ಕಂಪೈಲರಿಗೆ ಹೇಳುವ ಆಯ್ಕೆಯನ್ನು ಬಳಸತೊಡಗಿದರು. ಗಮನಿಸಿ, ಇಡೀ ಆಪ್ಟಿಮೈಸೇಷನ್ ಆಫ್ ಮಾಡಲಿಲ್ಲ. ಯಾವ ಜಾಣತನ ಬೇಡವೋ ಅದೊಂದನ್ನೇ ಹೆಸರಿಟ್ಟು ಕರೆದು ನಿಲ್ಲಿಸಿದರು.

ಇಲ್ಲಿವರೆಗೆ ಓದಿ "ಹಾಗಾದರೆ ಯಾವಾಗಲೂ ತಪ್ಪು ನಮ್ಮದೇ, ಕಂಪೈಲರ್ ದೇವರಿದ್ದ ಹಾಗೆ" ಅಂದುಕೊಂಡಿರಾ? ನನ್ನ ಆ ಮೇಲ್ ಪ್ರಸಂಗ ಆದಮೇಲೆ ನಾನೂ ಹಾಗೇ ನಂಬಿದ್ದೆ. ನಮ್ಮಲ್ಲಿ ಸೀನಿಯರುಗಳು ಹೊಸಬರಿಗೆ ಕಿವಿಯಲ್ಲಿ ಊದುವ ಎರಡನೇ ಮಂತ್ರವೇ ಇದು: "ಕಂಪೈಲರ್ ಯಾವತ್ತೂ ತಪ್ಪು ಮಾಡಲ್ಲ." ಮೊದಲನೇ ಮಂತ್ರಕ್ಕಿಂತ ಇದು ಅಪಾಯಕಾರಿ. ಸುಳ್ಳು ಕೂಡ.

ಲೆಕ್ಕ ಕೊಡ್ತೀನಿ. 2008ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಎರಿಕ್ ಐಡ್ ಮತ್ತು ಜಾನ್ ರೆಗೆರ್ 13 ಕಂಪೈಲರುಗಳನ್ನು ಪರೀಕ್ಷೆಗೆ ಕೂರಿಸಿದರು. ಪ್ರಶ್ನೆ ಸಣ್ಣದು: ವೊಲಟೈಲ್ ಅಂತ ಬರೆದ ವೇರಿಯಬಲ್ಲನ್ನು ಹೇಳಿದಷ್ಟು ಸಲ, ಹೇಳಿದ ಜಾಗದಲ್ಲೇ ಓದುತ್ತಾ? ("ಇದರ ಬೆಲೆ ನಿನಗೆ ಗೊತ್ತಿಲ್ಲದೇ ಬದಲಾಗಬಹುದು, ಜಾಣತನ ಬೇಡ" ಅಂತ ಕಂಪೈಲರಿಗೆ ಹೇಳುವ ಪದವೇ ವೊಲಟೈಲ್.) ಹದಿಮೂರಕ್ಕೆ ಹದಿಮೂರೂ ಎಲ್ಲೋ ಒಂದು ಕಡೆ ಫೇಲು. 2011ರಲ್ಲಿ ಅದೇ ವಿಶ್ವವಿದ್ಯಾಲಯದ ತಂಡ ಸಿಸ್ಮಿತ್ ಅನ್ನೋ ಸಾಧನದ ಬಗ್ಗೆ ಬರೆಯಿತು. ಅದು ತನ್ನ ಪಾಡಿಗೆ ತಾನು ಸಿ ಪ್ರೋಗ್ರಾಮುಗಳನ್ನು ಹುಟ್ಟಿಸುತ್ತೆ, ಒಂದನ್ನೇ ಹಲವು ಕಂಪೈಲರುಗಳಿಗೆ ಕೊಡುತ್ತೆ, ಉತ್ತರ ಬೇರೆ ಬೇರೆ ಬಂದರೆ ಯಾರೋ ಸುಳ್ಳು ಹೇಳ್ತಿದ್ದಾರೆ ಅಂತ ಅರ್ಥ. ಅನ್‌ಡಿಫೈನ್ಡ್ ಬಿಹೇವಿಯರ್ ಇಲ್ಲದ ಹಾಗೇ ಪ್ರೋಗ್ರಾಮು ಬರೆಯುತ್ತೆ ಅದು, ಹಾಗಾಗಿ "ತಪ್ಪು ನಿನ್ನದೇ" ಅಂತ ಜಾರಿಕೊಳ್ಳೋಕೆ ಆಗಲ್ಲ. ಮೂರು ವರ್ಷದಲ್ಲಿ 325ಕ್ಕೂ ಹೆಚ್ಚು ಹೊಸ ಬಗ್‌ಗಳು ಸಿಕ್ಕವು. ಪರೀಕ್ಷೆಗೆ ಕೂತ ಪ್ರತಿಯೊಂದು ಕಂಪೈಲರೂ ಒಂದಲ್ಲ ಒಂದು ಸಲ ಸದ್ದಿಲ್ಲದೇ ತಪ್ಪು ಕೋಡ್ ಕೊಟ್ಟಿತ್ತು. 2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನವರು ಇನ್ನೊಂದು ಉಪಾಯದಿಂದ ಜಿಸಿಸಿ ಮತ್ತು ಎಲ್‌ಎಲ್‌ವಿಎಂಗಳಲ್ಲಿ 147 ಬಗ್ ಹಿಡಿದರು. ಅವುಗಳಲ್ಲಿ ಹೆಚ್ಚಿನವು ತಪ್ಪು ಅನುವಾದದವೇ.

ಇದೆಲ್ಲ ಪ್ರಯೋಗಶಾಲೆಯ ಮಾತು ಅಂತೀರಾ? 2011ರ ಜುಲೈ 28ರಂದು ಜಾವಾ 7 ಬಿಡುಗಡೆಯಾಯ್ತು. ಬಿಡುಗಡೆ ಆದ ದಿನವೇ ಅಪಾಚೆಯವರು ಎಚ್ಚರಿಕೆ ಕೊಟ್ಟರು: ಇದರ ಹಾಟ್‌ಸ್ಪಾಟ್ ಕಂಪೈಲರ್ ಕೆಲವು ಲೂಪ್‌ಗಳನ್ನು ತಪ್ಪಾಗಿ ಆಪ್ಟಿಮೈಸ್ ಮಾಡ್ತಿದೆ, ಲೂಸೀನ್ ಮತ್ತು ಸೋಲರ್ ಬಳಸೋರು ದಯವಿಟ್ಟು ಕಾಯಿರಿ, ನಿಮ್ಮ ಹುಡುಕಾಟದ ಇಂಡೆಕ್ಸೇ ಕೆಟ್ಟುಹೋಗಬಹುದು ಅಂತ. ವಿಷಯ ಗೊತ್ತಾದದ್ದು ಬಿಡುಗಡೆಗೆ ಕೆಲವೇ ದಿನ ಮೊದಲು. ಆದರೂ ಬಿಡುಗಡೆ ಆಯ್ತು. ರಿಲೀಸ್ ಡೇಟ್ ಅನ್ನೋದು ಅಲ್ಲೂ ಇಲ್ಲೂ ಒಂದೇ ದೇವರು ನೋಡಿ!

2014ರ ಜುಲೈಯಲ್ಲಂತೂ ಲಿನಸ್ ಟೊರ್ವಾಲ್ಡ್ಸ್‌ಗೇ ಸಿಟ್ಟು ನೆತ್ತಿಗೇರಿತ್ತು. ಹೊಸ ಕರ್ನಲ್ ಪರೀಕ್ಷಿಸುತ್ತಿದ್ದವರಲ್ಲಿ ಕೆಲವರಿಗೆ ಶೆಡ್ಯೂಲರಿನ ಲೋಡ್-ಬ್ಯಾಲೆನ್ಸ್ ಫಂಕ್ಷನ್ನಿನಲ್ಲಿ ಇದ್ದಕ್ಕಿದ್ದಂತೆ ಯಂತ್ರ ಕುಸಿದುಬೀಳ್ತಿತ್ತು. ಅಸೆಂಬ್ಲಿ ಓದಿ ನೋಡಿದರೆ, ಜಿಸಿಸಿ 4.9.0 ಸ್ಟ್ಯಾಕಿನಲ್ಲಿ ಇನ್ನೂ ಜಾಗ ಮಾಡಿಕೊಳ್ಳುವ ಮೊದಲೇ ಅಲ್ಲಿ ಒಂದು ಬೆಲೆಯನ್ನು ಇಟ್ಟುಬಿಟ್ಟಿತ್ತು. ಸೀಟು ಹಿಡಿಯೋಕೆ ಬಸ್ಸು ಬರುವ ಮೊದಲೇ ಟವೆಲ್ ಎಸೆದ ಹಾಗೆ! ನಡುವೆ ಒಂದು ಇಂಟರಪ್ಟ್ ಬಂದರೆ ಆ ಬೆಲೆ ಅಳಿಸಿಹೋಗುತ್ತೆ. ಬರದಿದ್ದರೆ ಏನೂ ಆಗಲ್ಲ. ಅದಕ್ಕೇ ಒಬ್ಬರಿಗೆ ಆಗ್ತಿತ್ತು, ಇನ್ನೊಬ್ಬರಿಗೆ ಆಗ್ತಿರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ. ಪ್ರೋಗ್ರಾಮು ಕ್ರ್ಯಾಶ್ ಆದರೆ ಒಳ್ಳೆಯದು ಅಂತೀನಿ ನಾನು, ಕೂಗಿಕೊಂಡು ಸಾಯುತ್ತೆ. ಸದ್ದಿಲ್ಲದೇ ತಪ್ಪು ಉತ್ತರ ಕೊಡುವ ಕೋಡ್ ನಗುನಗುತ್ತಾ ಸುಳ್ಳು ಹೇಳುವ ಶಾನುಭೋಗನ ಹಾಗೆ. ಸಾಲುಸಾಲಾಗಿ ನಿಮ್ಮ ಸೋರ್ಸ್ ಓದಿದರೂ ತಪ್ಪು ಕಾಣಲ್ಲ, ಯಾಕಂದ್ರೆ ತಪ್ಪು ಅಲ್ಲಿಲ್ಲವೇ ಇಲ್ಲ.

ಇದು ನನಗೆ ಯಾಕೆ ಇಷ್ಟು ಚುಚ್ಚುತ್ತೆ ಅಂತ ಹೇಳಿಬಿಡ್ತೀನಿ.

ಎರಡು ವರ್ಷದ ಹಿಂದೆ, ಬೇರೆ ಕಂಪೆನಿಯಲ್ಲಿದ್ದಾಗ (ಹೆಸರು ಬೇಡ), ಹಳ್ಳಿಯ ಹಾಲಿನ ಡೈರಿಗಳಲ್ಲಿ ಇಡುವ ತೂಕದ ಯಂತ್ರಕ್ಕೆ ಫರ್ಮ್‌ವೇರ್ ಬರೀತಿದ್ದೆ. ಕ್ಯಾನ್ ಇಟ್ಟರೆ ತೂಕ ತೋರಿಸಿ, ಚೀಟಿ ಹೊಡೆದು ಕೊಡೋ ಯಂತ್ರ. ಪರೀಕ್ಷೆಗೆ ಅಂತ 5 ಕೆಜಿ ಮತ್ತು 8 ಕೆಜಿ ಬೊಟ್ಟುಗಳನ್ನು ಒಂದಾದಮೇಲೊಂದು ಇಡುವ ಸಾಧನ ಮಾಡಿ ರಾತ್ರಿಯಿಡೀ ಓಡಿಸ್ತಿದ್ವಿ. ಬೆಳಗ್ಗೆ ಬಂದು ನೋಡಿದರೆ ಎರಡು ಸಾವಿರ ಸಲದಲ್ಲಿ ಮೂರು ಸಲ ತಪ್ಪು. 8 ಕೆಜಿ ಇಟ್ಟಾಗ 5 ತೋರಿಸಿದೆ. ಅಂದರೆ ಹಿಂದಿನವರ ತೂಕ ಮುಂದಿನವರ ಚೀಟಿಗೆ.

ಮ್ಯಾನೇಜರ್ ಅದೇ ಮಂತ್ರ ಹೇಳಿದರು. ಪೂರ್ತಿ -ಓ0 ಮಾಡೋಣ ಅಂದರೆ ಕೋಡ್ ದಪ್ಪಗಾಗಿ ಚಿಪ್ಪಿನ ಫ್ಲ್ಯಾಶ್‌ನಲ್ಲಿ ಹಿಡಿಸಲ್ಲ. "ಹಾಗಾದ್ರೆ ಆ ಒಂದು ಫೈಲಿಗೆ ಮಾತ್ರ ಆಫ್ ಮಾಡು." ಮಾಡಿದೆ. ಆ ರಾತ್ರಿ ಒಂದೂ ತಪ್ಪು ಬರಲಿಲ್ಲ. "ನೋಡಿದ್ಯಾ? ಕ್ಲೋಸ್ ಮಾಡು."

ನಾನು ಮಾಡಲಿಲ್ಲ. ದೊಡ್ಡ ಆದರ್ಶ ಏನಲ್ಲ. ನಮ್ಮಮ್ಮ ಇಪ್ಪತ್ತು ವರ್ಷ ಡೈರಿಗೆ ಹಾಲು ಹಾಕಿ ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದವಳು. ಬೆಳಗ್ಗೆ ಆರಕ್ಕೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತು, ಯಂತ್ರ ತೋರಿಸಿದ್ದನ್ನು ನಂಬಿ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಬರೋಳು. "ಯಂತ್ರ ತಪ್ಪು ತೋರಿಸ್ತು" ಅಂತ ಅವಳು ಹೇಳಿದರೆ ಅಲ್ಲಿ ಯಾರು ನಂಬ್ತಾರೆ? ಯಂತ್ರ ತಪ್ಪು ಮಾಡಲ್ಲ ಅಲ್ವಾ, ಕಂಪೈಲರ್ ತಪ್ಪು ಮಾಡದ ಹಾಗೇ!

ಒಂಬತ್ತು ದಿನ ಹಿಡೀತು. ಮೊದಲ ನಾಲ್ಕು ದಿನ ನನ್ನ ತಪ್ಪನ್ನೇ ಹುಡುಕಿದೆ, ಹಳೆಯ ಮೇಲ್ ನೆನಪಿತ್ತಲ್ಲ. ಎಲ್ಲ ವಾರ್ನಿಂಗ್ ಆನ್ ಮಾಡಿದೆ. ತೂಕದ ವೇರಿಯಬಲ್ ವೊಲಟೈಲ್ ಇದೆಯಾ? ಇದೆ. ಆಮೇಲೆ ಅಸೆಂಬ್ಲಿಗೆ ಇಳಿದೆ. ನಾನು ತೂಕವನ್ನು ಎರಡು ಸಲ ಓದು ಅಂತ ಬರೆದಿದ್ದೆ: ಕ್ಯಾನ್ ಇಟ್ಟಾಗ ಒಂದು ಸಲ, ತೂಕ ಸ್ಥಿರವಾದ ಮೇಲೆ ಇನ್ನೊಂದು ಸಲ. ತೂಕ ಬೇಗ ಸ್ಥಿರವಾದಾಗ ಮಾತ್ರ ಹಿಡಿಯುವ ದಾರಿಯೊಂದಿತ್ತು. ಆ ದಾರಿಯಲ್ಲಿ ಎರಡನೇ ಓದೇ ಇಲ್ಲ. ಮೊದಲು ಓದಿ ರಿಜಿಸ್ಟರಿನಲ್ಲಿಟ್ಟ ಹಳೇ ಬೆಲೆಯನ್ನೇ ಮತ್ತೆ ಬಳಸಿದೆ. ವೊಲಟೈಲ್ ಅಂತ ಅಷ್ಟು ಸ್ಪಷ್ಟವಾಗಿ ಬರೆದಿದ್ದರೂ! ನೆಲವೇ ಡೊಂಕು!!

ಅದನ್ನು ಹದಿನೆಂಟು ಸಾಲಿನ ಪುಟ್ಟ ಪ್ರೋಗ್ರಾಮಿಗೆ ಇಳಿಸಿ ಕಂಪೈಲರ್ ಕೊಟ್ಟವರಿಗೆ ಕಳಿಸಿದೆ. ಮೂರನೇ ದಿನ ಉತ್ತರ ಬಂತು: ಹೌದು, ನಮ್ಮ ತಪ್ಪು, ಮುಂದಿನ ಆವೃತ್ತಿಯಲ್ಲಿ ಸರಿಯಾಗಿದೆ. ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಪೋಸ್ಟ್ ಬರೀತಿರಲಿಲ್ಲ. ತಪ್ಪಿನ ಚಹರೆ ಗೊತ್ತಾಯ್ತಲ್ಲ, ಉಳಿದ ಫೈಲುಗಳ ಅಸೆಂಬ್ಲಿಯಲ್ಲಿ ಅದೇ ಚಹರೆ ಹುಡುಕಿದೆ. ಇನ್ನೆರಡು ಕಡೆ ಸಿಕ್ಕಿತು. ಒಂದು ಬ್ಯಾಟರಿ ನೋಡುವ ಕಡೆ, ಹೋಗಲಿ. ಇನ್ನೊಂದು ಖಾಲಿ ಕ್ಯಾನಿನ ತೂಕ ಕಳೆದು ಸೊನ್ನೆ ಮಾಡುವ ಕಡೆ. ಅದು ನಮ್ಮ ರಾತ್ರಿ ಪರೀಕ್ಷೆಯಲ್ಲಿ ಒಂದು ಸಲವೂ ಬಂದಿರಲಿಲ್ಲ. ಆ ಒಂದು ಫೈಲಿಗೆ ಆಫ್ ಮಾಡಿ ಕ್ಲೋಸ್ ಮಾಡಿದ್ದರೆ ಈ ಎರಡೂ ಬಗ್‌ಗಳು ಯಂತ್ರದ ಜೊತೆಗೇ ಹಳ್ಳಿ ಸೇರುತ್ತಿದ್ದವು.

ನನ್ನ ವಾದ ಇಷ್ಟೇ. ಆಪ್ಟಿಮೈಸೇಷನ್ ಆನ್ ಮಾಡಿದಾಗ ಉತ್ತರ ಬದಲಾದರೆ ಅದು ಸಮಸ್ಯೆಯಲ್ಲ, ಸಾಕ್ಷಿ. ಸಾಮಾನ್ಯವಾಗಿ ಎರಡರಲ್ಲಿ ಒಂದು: ನಿಮ್ಮ ಕೋಡ್ ತಪ್ಪು, ಇಲ್ಲಾ ಕಂಪೈಲರ್ ತಪ್ಪು. ಆಫ್ ಮಾಡಿದರೆ ಎರಡರಲ್ಲಿ ಯಾವುದೂ ಹೋಗಲ್ಲ, ಸಾಕ್ಷಿ ಮಾತ್ರ ಹೋಗುತ್ತೆ. ನೆಗಡಿ ಅಂತ ಮೂಗು ಕೊಯ್ಕೊಂಡ ಹಾಗೆ. ತಪ್ಪು ನಿಮ್ಮದಾಗಿದ್ದರೆ ನಾಳೆ ಕಂಪೈಲರ್ ಬದಲಾದಾಗ, ಚಿಪ್ ಬದಲಾದಾಗ ಎದ್ದು ಬರುತ್ತೆ. ಕಂಪೈಲರಿನದಾಗಿದ್ದರೆ ಅದು ಆ ಒಂದು ಫೈಲಿಗೆ ಮಾತ್ರ ಯಾಕೆ ಕಾದು ಕೂತಿರುತ್ತೆ?

"ಲಿನಸ್ ಕೂಡ 2014ರಲ್ಲಿ ಒಂದು ಆಯ್ಕೆಯನ್ನು ಆಫ್ ಮಾಡಿಯೇ ಕೆಲಸ ಮುಗಿಸಿದ್ದು" ಅಂತ ಯಾರಾದರೂ ಹೇಳಬಹುದು. ಹೌದು, ಮಾಡಿದರು. ಆದರೆ ಯಾವ ಸಾಲು ತಪ್ಪು, ಯಾಕೆ ತಪ್ಪು ಅಂತ ಅಸೆಂಬ್ಲಿ ಓದಿ ತಿಳಿದಮೇಲೆ, ಕಾರಣವನ್ನು ಬದಲಾವಣೆಯ ಜೊತೆಗೇ ಬರೆದಿಟ್ಟು ಮಾಡಿದರು. ಜಿಸಿಸಿಯವರಿಗೆ ದೂರೂ ಹೋಯ್ತು. ಕಾರಣ ತಿಳಿದು ಆಫ್ ಮಾಡೋದು ಚಿಕಿತ್ಸೆ. ತಿಳಿಯದೇ ಮಾಡೋದು ಮೈಮೇಲೆ ಹಾಕ್ಕೊಂಡ ತಾಯತ.

"ಡೆಡ್‌ಲೈನ್ ಇರುತ್ತಪ್ಪಾ, ಒಂಬತ್ತು ದಿನ ಯಾರು ಕೊಡ್ತಾರೆ" ಅನ್ನೋರಿಗೂ ಉತ್ತರ ಇದೆ. ನನಗೂ ಯಾರೂ ಕೊಡಲಿಲ್ಲ, ಬೈಸಿಕೊಂಡೇ ತಗೊಂಡೆ, ಆ ವರ್ಷದ ಅಪ್ರೈಸಲ್ಲಿನಲ್ಲಿ ಅದಕ್ಕೆ ಬೆಲೆಯನ್ನೂ ತೆತ್ತೆ. ಆದರೆ ನಿಮಗೆ ಒಂಬತ್ತು ದಿನ ಬೇಕಾಗಲ್ಲ. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಅನ್‌ಡಿಫೈನ್ಡ್ ಬಿಹೇವಿಯರ್ ಹಿಡಿಯುವ ಸ್ಯಾನಿಟೈಸರ್ ಇದೆ, ಮೊದಲು ಅದನ್ನು ಓಡಿಸಿ. ಅದು ಎಲ್ಲವನ್ನೂ ಹಿಡಿಯಲ್ಲ, ಆದರೆ ನನ್ನಂಥವರ ಮಾನ ಉಳಿಸುತ್ತೆ. ಅರ್ಧ ಫೈಲುಗಳನ್ನು -ಓ0, ಅರ್ಧವನ್ನು -ಓ2 ಮಾಡಿ, ತಪ್ಪು ಯಾವ ಅರ್ಧದಲ್ಲಿದೆ ನೋಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಅರವತ್ತು ಫೈಲಿದ್ದರೂ ಆರೇಳು ಸಲದಲ್ಲಿ ಒಂದಕ್ಕೆ ಬರ್ತೀರಿ. ಇನ್ನೊಂದು ಕಂಪೈಲರಿನಲ್ಲಿ ಓಡಿಸಿ ಹೋಲಿಸಿ. ಪ್ರೋಗ್ರಾಮನ್ನು ಚಿಕ್ಕದು ಮಾಡೋಕೆ ಸಿ-ರೆಡ್ಯೂಸ್ ಅನ್ನೋ ಸಾಧನ ಪುಕ್ಕಟೆ ಸಿಗುತ್ತೆ. ಕೊನೆಗೆ ಅಸೆಂಬ್ಲಿ ಓದಿ. ಆರನೇ ಸೆಮಿಸ್ಟರಿನಲ್ಲಿ ಗೈಡ್ ಓದಿ ಪಾಸಾದ ಕಂಪೈಲರ್ ವಿಷಯ ಈಗಲಾದರೂ ಉಪಯೋಗಕ್ಕೆ ಬರಲಿ!

ಹಾಗಂತ ಕಂಪೈಲರ್ ಬರೆಯೋರು ಕೈಕಟ್ಟಿ ಕೂತಿಲ್ಲ, ಅದನ್ನೂ ಹೇಳದಿದ್ದರೆ ಅನ್ಯಾಯ. ಫ್ರಾನ್ಸಿನ ಇನ್‌ರಿಯಾದಲ್ಲಿ ಕ್ಸೇವಿಯರ್ ಲೆರಾಯ್ ಮತ್ತು ತಂಡ ಕಾಂಪ್‌ಸರ್ಟ್ ಅನ್ನೋ ಸಿ ಕಂಪೈಲರ್ ಕಟ್ಟಿದ್ದಾರೆ. "ಅನುವಾದದಲ್ಲಿ ಅರ್ಥ ಕೆಡಲಿಲ್ಲ" ಅಂತ ಗಣಿತದ ಪ್ರಮೇಯದ ಹಾಗೆ ಸಾಧಿಸಿ, ಆ ಸಾಧನೆಯನ್ನು ಯಂತ್ರದಿಂದ ಪರೀಕ್ಷಿಸಿದ ಕಂಪೈಲರ್ ಅದು. ಸಿಸ್ಮಿತ್‌ನವರು ಸುಮಾರು ಆರು ಸಿಪಿಯು-ವರ್ಷಗಳಷ್ಟು ಹೊತ್ತು ಜಾಲಾಡಿದರೂ ಹಾಗೆ ಸಾಧಿಸಿದ ಭಾಗದಲ್ಲಿ ತಪ್ಪು ಅನುವಾದ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಸಾಧಿಸದೇ ಬಿಟ್ಟ ಭಾಗಗಳಲ್ಲಿ. 2015ರಲ್ಲಿ ಅಲೈವ್ ಅನ್ನೋ ಸಾಧನ ಬಂತು. ಎಲ್‌ಎಲ್‌ವಿಎಂನ ಮುನ್ನೂರಕ್ಕೂ ಹೆಚ್ಚು ಸಣ್ಣ ಆಪ್ಟಿಮೈಸೇಷನ್‌ಗಳನ್ನು ಅದಕ್ಕೆ ಕೊಟ್ಟಾಗ ಎಂಟು ತಪ್ಪು ಅಂತ ಸಿಕ್ಕಿಬಿದ್ದವು. ಅದನ್ನು ಮಾಡಿದವರಲ್ಲಿ ಒಬ್ಬರಾದ ಸಂತೋಷ್ ನಾಗರಕಟ್ಟೆ ಮೊದಲು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಕಂಪೈಲರಿನ ಮೇಲೆಯೇ ಕೆಲಸ ಮಾಡಿದವರು. 2021ರಲ್ಲಿ ಬಂದ ಅಲೈವ್2 ಇನ್ನೂ 47 ಹೊಸ ಬಗ್ ಹಿಡಿಯಿತು. ಇವರಲ್ಲಿ ಯಾರೂ "ಕಂಪೈಲರ್ ತಪ್ಪು ಮಾಡಲ್ಲ" ಅಂತಲೂ ಹೇಳಲಿಲ್ಲ, "ಆಫ್ ಮಾಡಿಬಿಡಿ" ಅಂತಲೂ ಹೇಳಲಿಲ್ಲ. ತಪ್ಪು ಎಲ್ಲಿದೆ ತೋರಿಸಿ ಅಂದರು.

ನಾಳೆ ಬೆಳಗ್ಗೆ ಆ ಹುಡುಗನನ್ನು ಕರೆದು ಟಿಕೆಟ್ ಮತ್ತೆ ತೆರೆಸಬೇಕು ಅಂತಿದೀನಿ. ಬಹುಶಃ ತಪ್ಪು ಅವನದೇ ಇರುತ್ತೆ. ನೂರಕ್ಕೆ ತೊಂಬತ್ತು ಸಲ ನಮ್ಮದೇ ಇರುತ್ತೆ ಅಂತ ನನ್ನ ಅನುಭವ. ಇರಲಿ ಬಿಡಿ, ನನ್ನ ಹಾಗೆ ಒಂದು ವಾರ ನಗೆಪಾಟಲಾಗಲಿ, ಏನೂ ಕಳ್ಕೊಳ್ಳಲ್ಲ. ಆದರೆ ಉಳಿದ ಹತ್ತು ಸಲದಲ್ಲಿ ಯಾವುದೋ ಊರಿನ ಡೈರಿಯ ಮುಂದೆ ಕ್ಯಾನ್ ಹಿಡಿದು ನಿಂತವಳಿಗೆ ಅಸೆಂಬ್ಲಿ ಓದೋಕೆ ಬರಲ್ಲ. ನಮಗೆ ಬರುತ್ತೆ. ಸಂಬಳ ಕೊಡೋದು ಅದಕ್ಕೇ ಅಲ್ವಾ?

ನಿಮಗೂ ಇಂಥ ಅನುಭವ ಆಗಿದ್ದರೆ ಬರೀರಿ. ಕೊನೆಗೆ ಡೊಂಕಿದ್ದದ್ದು ನೆಲವೋ, ಕಾಲೋ ಅಂತಲೂ ಸೇರಿಸಿ ಬರೀರಿ, ಮುಚ್ಚಿಡಬೇಡಿ :-)